ಹಲಸಿನ ಬೇಳೆಯೂ ಹುಳದ ರಕ್ತವೂ

ಕೇಳುಗರೆಲ್ಲರಿಗೂ ನಮಸ್ಕಾರ.

ಹಲಸಿನ ಬೇಳೆಗೆ, ಅಂದರೆ ಬೀಜಕ್ಕೆ, ಕೆಮ್ಮಣ್ಣು ಮೆತ್ತಿ ಮಳೆಗಾಲಕ್ಕೆಂದು ಎತ್ತಿಡುವುದು ಶಿರಸಿ ಕಡೆಯವರಿಗೆ ಗೊತ್ತಿರುವ ಕೆಲಸ. ಆಷಾಢದ ಮಳೆಯಲ್ಲಿ ಅದನ್ನು ತೊಳೆದು, ಬೇಯಿಸಿ, ಹುಳಿಗೋ ಪಲ್ಯಕ್ಕೋ ಹಾಕುತ್ತೇವೆ. ಆ ಬೇಳೆಯೊಳಗೆ ಜಾಕಲಿನ್ ಎಂಬ ಪ್ರೋಟೀನ್ ಇದೆ. ಜಾಕ್‌ಫ್ರೂಟ್ ಎಂಬ ಮಾತಿನಿಂದಲೇ ಆ ಹೆಸರು ಬಂತು. ಅದರ ಕಸುಬು ಒಂದೇ. ಸಕ್ಕರೆಯ ಗುರುತು ಹಿಡಿದು ಅಂಟಿಕೊಳ್ಳುವುದು.

ಚಹಾಕ್ಕೆ ಹಾಕುವ ಸಕ್ಕರೆಯಲ್ಲ. ಪ್ರಾಣಿಯಿರಲಿ, ಗಿಡವಿರಲಿ, ಬ್ಯಾಕ್ಟೀರಿಯಾ ಇರಲಿ, ಜೀವಕೋಶದ ಹೊರಮೈಯಲ್ಲಿ ಬೇರೆ ಬೇರೆ ಸಕ್ಕರೆಗಳನ್ನು ಪೋಣಿಸಿದ ಸಣ್ಣ ಸರಗಳಿರುತ್ತವೆ. ಅವುಗಳಲ್ಲಿ ತನಗೆ ಬೇಕಾದ್ದನ್ನು ಮಾತ್ರ ಹಿಡಿಯುವ ಪ್ರೋಟೀನಿಗೆ ಲೆಕ್ಟಿನ್ ಎನ್ನುತ್ತಾರೆ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬುವರು ಹರಳು ಬೀಜದ ಸಾರವನ್ನು ರಕ್ತಕ್ಕೆ ಬೆರೆಸಿದಾಗ ಕೆಂಪು ಕಣಗಳು ಗಂಟುಗಟ್ಟಿದವು. ಈ ವಿಷಯದ ಅಧ್ಯಯನ ಶುರುವಾದದ್ದು ಅಲ್ಲಿಂದ. ಲೆಕ್ಟಿನ್ ಎಂಬ ಹೆಸರು ಬಂದದ್ದು 1954ರಲ್ಲಿ. ಅದರ ಮೂಲ ಲ್ಯಾಟಿನ್ ಪದಕ್ಕೆ ಆರಿಸುವುದು ಎಂದರ್ಥ.

ಈಗ ಹುಳದ ಕಡೆ ಬರೋಣ. ಬದನೆ ಗಿಡದ ಮೇಲಿನ ಹಸಿರು ಹುಳಕ್ಕೆ ಮುಳ್ಳು ತಾಗಿ ಗಾಯವಾಯಿತು ಅಂತಿಟ್ಟುಕೊಳ್ಳಿ. ತಿಳಿ ಹಸಿರು ಬಣ್ಣದ ಒಂದು ಹನಿ ಹೊರಬರುತ್ತದೆ. ಅದೇ ಅದರ ರಕ್ತ. ಸುಮ್ನೆ ನೋಡುತ್ತಾ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಆ ಹನಿ ಕಪ್ಪಾಗುತ್ತದೆ. ಕೊಯ್ದ ಬಾಳೆದಿಂಡನ್ನು ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದಲ್ಲ, ಹೆಚ್ಚುಕಡಿಮೆ ಅದೇ ಬಗೆಯ ರಸಾಯನ ಕ್ರಿಯೆ ಇದು. ಆದರೆ ಹುಳಕ್ಕೆ ಇದು ಜೀವ ಉಳಿಸುವ ಕೆಲಸ. ಗಾಯ ಮುಚ್ಚುತ್ತದೆ, ಒಳನುಗ್ಗಿದ ರೋಗಾಣುವಿಗೂ ಪೆಟ್ಟು ಬೀಳುತ್ತದೆ.

ನಮ್ಮ ಹಾಗೆ ಪ್ರತಿಕಾಯಗಳನ್ನು, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನುಗಳನ್ನು, ಮಾಡಿಕೊಳ್ಳುವ ಶಕ್ತಿ ಹುಳಕ್ಕಿಲ್ಲ. ರಕ್ತದಲ್ಲಿ ತಿರುಗುವ ಕಣಗಳೇ ಅದರ ಕಾವಲು. ಅವು ಬ್ಯಾಕ್ಟೀರಿಯಾವನ್ನು ನುಂಗುತ್ತವೆ. ಪರಾವಲಂಬಿ ಕಣಜ ಹುಳದ ಮೈಯೊಳಗೆ ಮೊಟ್ಟೆ ಇಟ್ಟರೆ, ಅದರ ಸುತ್ತ ಪದರ ಪದರವಾಗಿ ಮೆತ್ತಿಕೊಂಡು ಉಸಿರುಗಟ್ಟಿಸುತ್ತವೆ. ಬಂದದ್ದು ಪರಕೀಯ ಅಂತ ತಿಳಿಯುವುದು ಹೇಗೆ? ಬಹುಪಾಲು ಸಕ್ಕರೆ ನೋಡಿಯೇ. ಶಿಲೀಂಧ್ರದ ಗೋಡೆಯದು ಒಂದು ಬಗೆ, ಬ್ಯಾಕ್ಟೀರಿಯಾದ್ದು ಇನ್ನೊಂದು. ಅದನ್ನು ಓದಲು ಹುಳದ ಬಳಿಯೂ ಅದರದ್ದೇ ಲೆಕ್ಟಿನ್‌ಗಳಿವೆ.

ನನ್ನನ್ನು ಹಿಡಿದು ನಿಲ್ಲಿಸುವುದು ಈ ಜಾಗ. ಹುಳ ಯಾವ ಗುರುತನ್ನು ನಂಬಿ ಬದುಕುತ್ತದೋ, ಗಿಡ ಆ ಗುರುತಿಗೇ ಕೈ ಹಾಕುತ್ತದೆ.

ತಿಂದ ಗಿಡದ ಎಷ್ಟೋ ಲೆಕ್ಟಿನ್‌ಗಳು ಹುಳದ ಹೊಟ್ಟೆಯಲ್ಲಿ ಬೇಗ ಜೀರ್ಣವಾಗುವುದಿಲ್ಲ. ಕರುಳಿನ ಒಳಗೋಡೆಗೆ ಅಂಟಿ ಅದನ್ನು ಹಾಳುಮಾಡುತ್ತವೆ. ಗೋಡೆ ಸೋರಿದರೆ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಬಹುದು. ಕೆಲವು ಲೆಕ್ಟಿನ್‌ಗಳು ತಾವೇ ಗೋಡೆ ದಾಟುತ್ತವೆ. ಸ್ನೋಡ್ರಾಪ್ ಎಂಬ ಯುರೋಪಿನ ಹೂಗಿಡದ ಲೆಕ್ಟಿನ್ ಭತ್ತದ ಕಂದು ಜಿಗಿಹುಳದ ರಕ್ತದಲ್ಲೇ ಸಿಕ್ಕಿದೆ. ರಕ್ತಕಣದ ಮೈಯಲ್ಲೂ ಸಕ್ಕರೆ ಸರ ಇದೆ, ಅಲ್ವಾ? ಲೆಕ್ಟಿನ್ ಅದಕ್ಕೆ ಅಂಟಿದರೆ ಕಾವಲಿನ ಕಣಗಳೇ ಒಂದಕ್ಕೊಂದು ಅಂಟಿಕೊಳ್ಳಬಹುದು, ಶತ್ರುವಿನ ಸುತ್ತ ಕೂಡುವುದು ತಪ್ಪಬಹುದು. ಕೆಲವೊಮ್ಮೆ ತದ್ವಿರುದ್ಧ. ರೋಗಾಣುವೇ ಇಲ್ಲದೆ ರಕ್ಷಣೆ ಕೆರಳಿ, ಬೆಳವಣಿಗೆಗೆ ಬೇಕಾದ ಶಕ್ತಿ ಅಲ್ಲಿ ಖರ್ಚಾಗುತ್ತದೆ. ಹುಳ ಬೇರೆಯಾದರೆ, ಲೆಕ್ಟಿನ್ ಬೇರೆಯಾದರೆ, ಪ್ರಮಾಣ ಬೇರೆಯಾದರೆ ಫಲವೂ ಬೇರೆ.

"ಮಾಸ್ತರೇ, ಹಾಗಾದ್ರೆ ಹಲಸಿನ ಬೇಳೆ ಅರೆದು ಗದ್ದೆಗೆ ಹೊಡೆದರೆ ಆಗುವುದಿಲ್ವಾ?" ಅಂತ ಕುಮಟೆಯ ರೈತರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಜಿಗಿಹುಳು ಎಲೆ ಕಡಿಯುವುದಿಲ್ಲ, ಗಿಡದೊಳಗಿನ ರಸ ಹೀರುತ್ತದೆ. ಎಲೆಯ ಮೇಲೆ ಸಿಂಪಡಿಸಿದ್ದು ಅದರ ಬಾಯಿಗೆ ಸೇರುವುದೇ ಇಲ್ಲ. ಮೇಲಾಗಿ ನಮ್ಮ ಮಳೆಗೆ ಅದು ಎಷ್ಟು ಹೊತ್ತು ನಿಂತೀತು? ಅದಕ್ಕೇ ಕೋಲ್ಕತ್ತದ ಬೋಸ್ ಇನ್‌ಸ್ಟಿಟ್ಯೂಟ್‌ನವರು ಬೆಳ್ಳುಳ್ಳಿ ಎಲೆಯ ಲೆಕ್ಟಿನ್ನಿನ ಜೀನನ್ನು ಭತ್ತದ ಗಿಡಕ್ಕೇ ಸೇರಿಸಿ ನೋಡಿದರು. ಅಂಥ ಗಿಡದಲ್ಲಿ ಜಿಗಿಹುಳು ಚೆನ್ನಾಗಿ ಬದುಕಲಿಲ್ಲ. ಆದರೆ ಜೇನುಹುಳದ ಮೈಯಲ್ಲೂ, ನಮಗೆ ನೆರವಾಗುವ ಕಣಜದ ಮೈಯಲ್ಲೂ ಇಂಥ ಸಕ್ಕರೆ ಸರಗಳೇ ಇವೆ. ಅವಕ್ಕೆ ಏನಾಗುತ್ತದೆ ಅಂತ ಪರೀಕ್ಷಿಸದೆ ಮುಂದಡಿ ಇಡಬಾರದು ಎನ್ನುವವನು ನಾನು.

  

ಇನ್ನೊಂದು ಸಂಗತಿ ಹೇಳಲೇಬೇಕು. ಭತ್ತದ ಸಸಿಗೆ ಉಪ್ಪಿನ ನೀರು ತಾಗಿದಾಗ ಅದರಲ್ಲಿ ಒಂದು ಲೆಕ್ಟಿನ್ ಹುಟ್ಟುತ್ತದೆ. ಗಿಡ ಗಾಯದ ಹೊತ್ತಿನಲ್ಲಿ ಮಾಡಿಕೊಳ್ಳುವ ಜಾಸ್ಮೋನಿಕ್ ಆಮ್ಲ ಕೊಟ್ಟರೂ ಅದು ಹುಟ್ಟುತ್ತದೆ. ರಚನೆ ನೋಡಿದರೆ ಅದು ಹಲಸಿನ ಬೇಳೆಯ ಜಾಕಲಿನ್ ವಂಶದ್ದೇ. ಆ ಭತ್ತದ ಲೆಕ್ಟಿನ್ನನ್ನು ತಂಬಾಕು ಗಿಡದಲ್ಲಿ ಬೆಳೆಸಿದಾಗ ಎಲೆ ತಿನ್ನುವ ಹುಳುಗಳಿಗೆ ತೊಂದರೆಯಾಯಿತು. ಇದನ್ನು ಓದಿದ ಮೇಲೆ ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪು ನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತದ ಸಸಿ ಕಂಡಾಗಲೆಲ್ಲ ನಾನು ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮೊಣಕಾಲುದ್ದದ ಸಸಿ, ಬುಡದಲ್ಲಿ ಉಪ್ಪು ನೀರು, ಎಲೆಯ ಅಂಚಿನಲ್ಲಿ ಯಾವುದೋ ಹುಳ ಕಡಿದ ಗುರುತು.

ನಮಸ್ಕಾರ.