ಹಳೇ ದೀಪಸ್ತಂಭ, ಹೊಸ ಗಡುವು

ಗೋವಾದ ಕನ್ನಡ ಕೇಳುಗರಿಗೆ ನಮಸ್ಕಾರ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯ ಗೌಂಡಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ಕಡಲ ಬದಿಯ ಹಳೇ ಕಲ್ಲಿನ ದೀಪಸ್ತಂಭಗಳ ದುರಸ್ತಿ ಬಗ್ಗೆ ಇವತ್ತಿನ ಮಾತು, ಹೆಚ್ಚಾಗಿ ನಿಮಗೇ.

ಅಗ್ವಾದ ಕೋಟೆಯ ಹಳೇ ದೀಪಸ್ತಂಭ 1864ರದು. 1976ರಲ್ಲಿ ಹೊಸದು ಬಂದ ಮೇಲೆ ಅದಕ್ಕೆ ನಿವೃತ್ತಿ. ಮುಂಬೈಯ ಪ್ರಾಂಗ್ಸ್ ರೀಫ್ ಸ್ತಂಭ 1875ರದು, ಇಂದಿಗೂ ಅಲೆಗಳ ನಡುವೆ ನಿಂತಿದೆ. ಇಂಥ ಕಟ್ಟಡದ ದುರಸ್ತಿಯನ್ನು ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಮುಗಿಸಿದರಾಯಿತು ಅನ್ನುವ ಹಳೇ ಲೆಕ್ಕ ಈಗ ನಡೆಯುವುದಿಲ್ಲ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತಗಳ ಬಲ ಏರುತ್ತಿದೆ. ತೌಕ್ತೆ ಚಂಡಮಾರುತ ಗೋವಾವನ್ನು ಸವರಿಕೊಂಡು ಹೋದದ್ದು 2021ರ ಮೇ ಮಧ್ಯದಲ್ಲಿ. ನಿಸರ್ಗ ಚಂಡಮಾರುತ ಮಹಾರಾಷ್ಟ್ರದ ಅಲಿಬಾಗ್ ಬಳಿ ನೆಲ ಮುಟ್ಟಿದ್ದು 2020ರ ಜೂನ್ 3ರಂದು. ಸುಣ್ಣದ ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವಂಥದ್ದು, ವಾರಗಟ್ಟಲೆ ಸಮಯ ಬೇಡುತ್ತದೆ. ಹಾಗಾಗಿ ದೀಪಾವಳಿ ಕಳೆದು ಕೈ ಹಚ್ಚಿ, ಶಿಗ್ಮೋ, ಅಂದರೆ ಇಲ್ಲಿನ ಹೋಳಿ ಹಬ್ಬದ ಹೊತ್ತಿಗೆ ಕರಣೆ ತೊಳೆದಿಡಬೇಕು.

ಅಷ್ಟು ಕಾಯೋದ್ಯಾಕೆ, ಸಿಮೆಂಟು ಹಾಕಿದರಾಯಿತಲ್ಲ ಅಂತೀರಿ. ಹಾಳಾಗುವುದೇ ಅಲ್ಲಿ. ಗೋಡೆಯೊಳಗಿನ ಉಪ್ಪುನೀರು ಕಲ್ಲುಗಳ ನಡುವಿನ ಸಂದಿನ ಗಾರೆಯ ಮೂಲಕ ಆರಿ ಹೋಗಬೇಕು. ಸಿಮೆಂಟು ಆ ದಾರಿ ಮುಚ್ಚಿದರೆ ನೀರು ಕಲ್ಲಿನ ಮೂಲಕವೇ ಹೊರಬರುತ್ತದೆ. ಉಪ್ಪು ಕಲ್ಲಿನ ಮೈಯೊಳಗೇ ಹರಳುಗಟ್ಟಿ ಉಬ್ಬಿ, ಪದರ ಪದರವಾಗಿ ಉದುರಿಸುತ್ತದೆ. ಕೆಲವೇ ವರ್ಷಕ್ಕೆ ಕಲ್ಲು ಹಿಂದೆ ಸರಿದು, ಸಿಮೆಂಟಿನ ಗೆರೆ ಮಾತ್ರ ಮುಂದೆ ಚಾಚಿರುತ್ತದೆ. ಮುರಕಲ್ಲಿಗಂತೂ (ಜಂಬಿಟ್ಟಿಗೆ ಕಲ್ಲು) ಮೈತುಂಬ ರಂಧ್ರ, ಬೇಗ ಸೋಲುತ್ತದೆ.

ಸಡಿಲಾದ ಸಂದನ್ನು ಉಳಿ, ಸುತ್ತಿಗೆಯಿಂದಲೇ ಬಿಡಿಸಿ. ಗ್ರೈಂಡರ್ ಹಚ್ಚಿದರೆ ಕಲ್ಲಿನ ಅಂಚು ಹೋಗುತ್ತದೆ. ಆಳ ಸಂದಿನ ಅಗಲಕ್ಕೆ ಎರಡು ಪಟ್ಟಾದರೂ ಇರಲಿ. ಪುಡಿ ತೊಳೆದು, ಕಲ್ಲಿಗೆ ನೀರು ಕುಡಿಸಿ. ನೆನೆಸಿಟ್ಟ ಸುಣ್ಣ ಒಂದು ಪಾಲು, ತೊಳೆದ ಹೊಳೆಮರಳು ಎರಡೂವರೆಯಿಂದ ಮೂರು ಪಾಲು. ಕಡಲ ಮರಳು ಬೇಡವೇ ಬೇಡ, ಉಪ್ಪನ್ನು ನಾವೇ ತುಂಬಿದಂತಾಗುತ್ತದೆ. ಸ್ವಲ್ಪ ಇಟ್ಟಿಗೆಪುಡಿ ಸೇರಿಸಿದರೆ ತೇವದ ಹವೆಯಲ್ಲೂ ಬಿಗಿಯುತ್ತದೆ. ಆಳದ ಸಂದನ್ನು ಒಂದೇ ಸಲ ತುಂಬದೆ ತೆಳು ಪದರಗಳಲ್ಲಿ ಒತ್ತಿ. ಒಂದು ವಾರ ಒದ್ದೆ ಗೋಣಿತಾಟು ಹೊದಿಸಿ. ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತದೆ.

ಹಿಂದಿನವರು ಮೆತ್ತಿದ ಸಿಮೆಂಟನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ತೆಗೆಯಿರಿ. ಗಟ್ಟಿಯಾಗಿ ಕಚ್ಚಿದ್ದರೆ ಬಿಟ್ಟುಬಿಡಿ, ಎಬ್ಬಿಸಿದರೆ ಕಲ್ಲೂ ಜೊತೆಗೆ ಬರುತ್ತದೆ.

ಮೇಲಿನ ದೀಪದ ಕೋಣೆಯಲ್ಲಿ ಗಾಜಿನ ಚೌಕಟ್ಟು ನೋಡಿ. ಒಂದು ಗಾಜು ಒಡೆದರೂ ಒಳನುಗ್ಗಿದ ಗಾಳಿ ಚಾವಣಿಯನ್ನು ಎತ್ತುತ್ತದೆ. ಗೋಡೆಯಲ್ಲಿ ಹೂತ ಕಬ್ಬಿಣ ತುಕ್ಕಿನಿಂದ ಊದಿ ಕಲ್ಲು ಸೀಳುತ್ತದೆ. ಬದಲಿಸುವಾಗ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಮಿಂಚುವಾಹಕದ ತಾಮ್ರಪಟ್ಟಿಗೆ ಕಬ್ಬಿಣದ ಬೋಲ್ಟು ಬೇಡ, ಉಪ್ಪುಗಾಳಿಗೆ ಆ ಬೋಲ್ಟೇ ಮೊದಲು ಕರಗುತ್ತದೆ. ಮಿಂಚುವಾಹಕದ ಅರ್ತಿಂಗ್, ಅಂದರೆ ನೆಲಕ್ಕಿಳಿಸಿದ ಸಂಪರ್ಕದ ರೋಧ 10 ಓಮ್‌ಗಿಂತ ಕಡಿಮೆ ಇದೆಯೇ ಎಂದು ಏಪ್ರಿಲ್‌ನಲ್ಲೇ ಅಳೆಸಿಡಿ.