ಸದನದಲ್ಲಿ ಏನು ಕೇಳಿದರು?

ಕೇಳುಗರಿಗೆಲ್ಲ ನಮಸ್ಕಾರ. ಕಲಬುರಗಿ ಜಿಲ್ಲೆಯಿಂದ 9, ಬೀದರಿನಿಂದ 6, ಯಾದಗಿರಿಯಿಂದ 4. ಒಟ್ಟು 224 ಜನರ ವಿಧಾನಸಭೆಗೆ ನಾವು ಕಳಿಸುವವರು 19 ಮಂದಿ. ಈ 19 ಮಂದಿ ಸದನದಲ್ಲಿ ಎದ್ದು ನಿಂತು ಏನು ಕೇಳಿದರು? ಶಾಸಕರನ್ನು ಅಳೆಯುವುದಿದ್ದರೆ ಇದರಿಂದಲೇ ಅಳೆಯಬೇಕು. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ನಾವು ಹಾಗೆ ಅಳೆಯುತ್ತೇವೇನು? ಮದುವೆಗೆ ಬಂದರು, ಜವಳಕ್ಕೆ ಬಂದರು, "ಭಾಳ ಛಲೋ ಮನುಷ್ಯಾ" ಅನ್ನುತ್ತೇವೆ. ಅಧಿವೇಶನ ನಡೆದಾಗ ಊರ ಜಾತ್ರೆಗೆ ಬರಲಿಲ್ಲ ಅಂತ ಮುನಿಸಿಕೊಳ್ಳುವವರೂ ಇದ್ದಾರೆ. ಅಣ್ಣಾ, ಆ ಹೊತ್ತಿನಲ್ಲಿ ಅವರು ಸದನದಲ್ಲೇ ಇರಬೇಕು. ನಾವು ಆರಿಸಿ ಕಳಿಸಿದ್ದೇ ಅದಕ್ಕೆ.

ಚಿಂಚೋಳಿ ಕ್ಷೇತ್ರವನ್ನು ನೋಡ್ರಿ. ವೀರೇಂದ್ರ ಪಾಟೀಲರು 1957ರಲ್ಲಿ ಅಲ್ಲಿಂದ ವಿಧಾನಸಭೆಗೆ ಹೋದವರು, 1968ರಲ್ಲೊಮ್ಮೆ, 1989ರಲ್ಲಿ ಮತ್ತೊಮ್ಮೆ ಮುಖ್ಯಮಂತ್ರಿಯಾದವರು. ಅವರ ಹೆಸರು ಎಲ್ಲರಿಗೂ ಗೊತ್ತು. ಅದೇ ಚಿಂಚೋಳಿಯಿಂದ ಆರಿಸಿ ಬಂದ ವೈಜನಾಥ ಪಾಟೀಲರ ಹೆಸರು ಇಂದಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ನನಗೆ ಬೇಸರವಾಗುವುದು ಇಲ್ಲಿಯೇ. ಅವರು ಮಂತ್ರಿಯೂ ಆಗಿದ್ದರು, ಆದರೆ ಅವರನ್ನು ನೆನೆಯಬೇಕಾದದ್ದು ಕುರ್ಚಿಗಾಗಿ ಅಲ್ಲ, ಬಿಡದೆ ಹಿಡಿದ ಒಂದು ಬೇಡಿಕೆಗಾಗಿ.

ನಿಜಾಮನ ಆಳ್ವಿಕೆಯಿಂದ ಹೈದರಾಬಾದ್ ಕರ್ನಾಟಕದವರಾದ ನಾವು, ಮರಾಠವಾಡದವರು, ತೆಲಂಗಾಣದವರು ಒಟ್ಟಿಗೇ ಹೊರಬಂದೆವು. ಅವರಿಬ್ಬರಿಗೂ ಸಂವಿಧಾನದಲ್ಲಿ ವಿಶೇಷ ಸೌಲಭ್ಯ ಸಿಕ್ಕಿತು. ನಮಗೆ ಸಿಗಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ ಆಗಿದ್ದವು. ನಮಗೂ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರು ವರ್ಷಗಟ್ಟಲೆ ಹೋರಾಡಿದರು. ಧರಣಿ, ಬಂದ್, ಮನವಿ, ಯಾವುದನ್ನೂ ಬಿಡಲಿಲ್ಲ. ದೆಹಲಿ ಒಮ್ಮೆ ಆಗದು ಎಂದೂ ಹೇಳಿತು. ಅವರು ಕೈಬಿಡಲಿಲ್ಲ.

ಈಗ ಹೇಳುವುದನ್ನು ದಯವಿಟ್ಟು ಲಕ್ಷ್ಯ ಕೊಟ್ಟು ಕೇಳಿ. 2012ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆ, ವಿಧಾನ ಪರಿಷತ್ತು ಎರಡೂ ಈ ಬೇಡಿಕೆಯನ್ನು ಬೆಂಬಲಿಸಿ ಪ್ರತ್ಯೇಕವಾಗಿ ನಿರ್ಣಯ ಅಂಗೀಕರಿಸಿದವು. ಸಂಸತ್ತಿನಲ್ಲಿದ್ದ ಖರ್ಗೆಯವರು, ಧರಂಸಿಂಗ್ ಅವರು ದೆಹಲಿಯಲ್ಲಿ ಒತ್ತಡ ಹಾಕಿದರು. ಅದೇ ಡಿಸೆಂಬರ್‌ನಲ್ಲಿ ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿತು. ಆ ಮಸೂದೆಗೆ ಕಾರಣ ಕೊಡುವಾಗ ಕೇಂದ್ರ ಸರ್ಕಾರ ಹೆಸರಿಸಿದ್ದು ನಮ್ಮ ಎರಡು ಸದನಗಳ ನಿರ್ಣಯಗಳನ್ನು! ಬೀದಿಯ ಕೂಗು ಬೇಕೇ ಬೇಕು, ಆದರೆ ಅದು ಸದನದ ದಾಖಲೆಗೆ ಸೇರಬೇಕು. ಇಂದು ನಿಮ್ಮ ಮಗಳು ಮೆಡಿಕಲ್ ಸೀಟಿಗೆ 371(ಜೆ) ಸರ್ಟಿಫಿಕೇಟ್ ಹಚ್ಚುತ್ತಾಳಲ್ಲ, ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟು ಮೀಸಲಾಗಿವೆಯಲ್ಲ, ಅದು ಬಂದದ್ದು ಹೀಗೆ. ವೈಜನಾಥ ಪಾಟೀಲರು 2019ರಲ್ಲಿ ತೀರಿಕೊಂಡರು. ಸರ್ಟಿಫಿಕೇಟ್ ಕೈಗೆ ಬಂದಾಗ ಆ ಹಿರಿಯರ ಹೆಸರನ್ನು ಮಕ್ಕಳಿಗೆ ಹೇಳಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಶಾಸಕರ ಕೈಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಸಮುದಾಯ ಭವನ, ರಸ್ತೆ ಅಂತ ನಾವು ಕೇಳುವುದೆಲ್ಲ ಅದರ ಸುತ್ತಲೇ. ಅದಕ್ಕಿಂತ ದೊಡ್ಡ ಆಯುಧ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಎದ್ದು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಉತ್ತರ ದಾಖಲೆಯಾದ ಮೇಲೆ ಸರ್ಕಾರ ಸುಲಭವಾಗಿ ಜಾರಿಕೊಳ್ಳಲಾಗದು.

ಮುಂದಿನ ಅಧಿವೇಶನಕ್ಕೆ ಮೊದಲೇ ನಿಮ್ಮ ಶಾಸಕರ ಕಚೇರಿಗೆ ಹೋಗಿ. ಮದುವೆ ಕಾರ್ಡಿನ ಜೊತೆ ಒಂದು ಹಾಳೆಯನ್ನೂ ಕೊಡಿ: ನಮ್ಮ ತಾಲೂಕಿನ ಶಾಲೆಗಳಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇವೆ, ಯಾವಾಗ ತುಂಬುತ್ತೀರಿ ಎಂದು ಮಂತ್ರಿಯನ್ನು ಕೇಳಿರಿ ಅಂತ ಬರೆದು ಕೊಡಿ. ಅಧಿವೇಶನ ಮುಗಿದ ಮೇಲೆ ಮತ್ತೆ ಹೋಗಿ ಉತ್ತರದ ಪ್ರತಿ ಕೇಳಿ ಪಡೆಯಿರಿ. ನಮಸ್ಕಾರ.