ತಗಡಿನ ಮೇಲೊಂದು ಹೊದಿಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ದೊಡ್ಡ ಗೋದಾಮಿನೊಳಗೆ ನಿಂತು ಜೋರು ಮಳೆಯ ಸದ್ದು ಕೇಳಿದವರಿಗೆ ತಗಡಿನ ಚಾವಣಿಯ ಗುಣ ಗೊತ್ತಿರುತ್ತದೆ. ಪಕ್ಕದಲ್ಲಿದ್ದವರ ಮಾತೂ ಕಿವಿಗೆ ಬೀಳುವುದಿಲ್ಲ. ಆ ಗದ್ದಲದ ನಡುವೆಯೂ ಟಪ್, ಟಪ್ ಎಂದು ಹನಿ ಬೀಳುವ ಸದ್ದೊಂದು ಕೇಳಿಸಿಬಿಡುತ್ತದೆ. ಆಗ ಎಲ್ಲರೂ ಬಕೆಟ್ ಹುಡುಕಲು ಓಡುತ್ತಾರೆ. ವರ್ಷಗಟ್ಟಲೆ ದುಡಿದ ಇಂಥ ಚಾವಣಿಯನ್ನು ಪೂರ್ತಿ ಕಿತ್ತು ಹಾಕದೆ, ಅದರ ಮೇಲೆಯೇ ಒಂಟಿ ಪದರದ ಮೆಂಬ್ರೇನ್, ಅಂದರೆ ನೀರು ತಡೆಯುವ ಹಾಳೆ, ಹೊದಿಸುವ ಕೆಲಸದ ಬಗ್ಗೆ ಇಂದು ಮಾತನಾಡುತ್ತೇನೆ. ಒಳಗಿನ ಕೆಲಸ ನಿಲ್ಲಿಸಬೇಕಿಲ್ಲ, ಕಟ್ಟಡವನ್ನು ಬಯಲು ಮಾಡಬೇಕಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಆದರೆ ಈ ಕೆಲಸ ಕೆಟ್ಟಾಗ ಬಹುಪಾಲು ತಪ್ಪು ಇರುವುದು ಮೇಲಿನ ಹಾಳೆಯಲ್ಲಲ್ಲ, ಅದು ಮುಚ್ಚಿಟ್ಟ ಜಾಗದಲ್ಲಿ.

ತಗಡು ತೂತು ಬಿದ್ದು ಸೋರುವುದಕ್ಕಿಂತ ಸ್ಕ್ರೂಗಳ ಬುಡದಲ್ಲಿ ಸೋರುವುದೇ ಹೆಚ್ಚು. 30 ಮೀಟರ್ ಉದ್ದದ ಉಕ್ಕಿನ ತಗಡು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 18 ಮಿಲಿಮೀಟರ್ ಹಿಗ್ಗುತ್ತದೆ. ಬಿಸಿಲಿಗೆ ಹಿಗ್ಗು, ರಾತ್ರಿಗೆ ಕುಗ್ಗು. ಹೀಗೆ ದಿನವೂ ಎಳೆದಾಡುತ್ತಿದ್ದರೆ ಸ್ಕ್ರೂ ಸುಮ್ಮನಿದ್ದೀತೇ? ಹಳೆಯ ಚಾವಣಿಯಿಂದ ಒಂದು ಸ್ಕ್ರೂ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ತಲೆಯಡಿಯ ರಬ್ಬರ್ ವಾಷರ್ ಬೆರಳಲ್ಲಿ ಹಿಸುಕಿದರೆ ಪುಡಿಪುಡಿಯಾಗುತ್ತದೆ. ತಗಡಿನ ತೂತು ಗುಂಡಗೆ ಉಳಿದಿರುವುದಿಲ್ಲ; ತಗಡು ಎಳೆದ ದಿಕ್ಕಿಗೆ ಉದ್ದವಾಗಿ ಸವೆದು, ಸುತ್ತ ತುಕ್ಕಿನ ಉಂಗುರ ಕಟ್ಟಿರುತ್ತದೆ. ಇಂಥವು ಒಂದು ಚಾವಣಿಯಲ್ಲಿ ಸಾವಿರಗಟ್ಟಲೆ ಇರುತ್ತವೆ. ಒಂದಕ್ಕೆ ಸೀಲೆಂಟ್ ಮೆತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ಬಾಯಿ ಬಿಟ್ಟಿರುತ್ತದೆ.

ಹನಿ ಬಿದ್ದದ್ದೆಲ್ಲ ಮಳೆನೀರು ಎಂದು ಮಾತ್ರ ತಿಳಿಯಬೇಡಿ. ಒಮ್ಮೆ ಬಟ್ಟೆ ಒಗೆಯುವ ದೊಡ್ಡ ಘಟಕವೊಂದರ ಚಾವಣಿ ನೋಡಲು ಹೋಗಿದ್ದೆ. ಎರಡು ವಾರದಿಂದ ಮಳೆಯೇ ಇರಲಿಲ್ಲ. ಆದರೂ ಬೆಳಗಿನ ಹೊತ್ತು ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಂತ್ರಗಳಿಂದ ಎದ್ದ ಹಬೆ ರಾತ್ರಿ ತಣ್ಣಗಾದ ತಗಡಿಗೆ ತಗುಲಿ ನೀರಾಗುತ್ತಿತ್ತು, ಅಷ್ಟೇ. ಅಲ್ಲಿ ಬರೀ ಹಾಳೆ ಹೊದಿಸಿದ್ದರೆ ಹನಿ ನಿಲ್ಲುತ್ತಿರಲಿಲ್ಲ. ಹಬೆ ಹೊರಹೋಗಲು ದಾರಿ ಬೇಕಿತ್ತು, ತಗಡು ತಣಿಯದಂತೆ ಅದರ ಮೇಲೆ ಸಾಕಷ್ಟು ದಪ್ಪದ ಶಾಖನಿರೋಧಕ ಬೇಕಿತ್ತು.

ಚಾವಣಿ ಹತ್ತುವ ಮೊದಲು ಒಳಗಿನಿಂದ ಟಾರ್ಚ್ ಹಿಡಿದು ಪರ್ಲಿನ್‌ಗಳನ್ನು ನೋಡಬೇಕು. ಪರ್ಲಿನ್ ಎಂದರೆ ತಗಡಿಗೆ ಅಡ್ಡಲಾಗಿ ಆಸರೆ ಕೊಡುವ ಉಕ್ಕಿನ ಪಟ್ಟಿ. ಅದೇ ತುಕ್ಕು ಹಿಡಿದು ಪದರ ಎದ್ದಿದ್ದರೆ ಅದನ್ನು ಬದಲಿಸದೆ ಮುಂದಿನ ಮಾತಿಲ್ಲ. ತೂಕದ ಲೆಕ್ಕವನ್ನೂ ಎಂಜಿನಿಯರ್‌ರಿಂದ ಮಾಡಿಸಬೇಕು. 1.5 ಮಿಲಿಮೀಟರ್ ದಪ್ಪದ ಮೆಂಬ್ರೇನ್ ಚದರ ಮೀಟರ್‌ಗೆ ಸುಮಾರು 2 ಕಿಲೋ ತೂಗುತ್ತದೆ, ಅದರಡಿಯ ಶಾಖನಿರೋಧಕ ಹಲಗೆಗಳು ಸೇರಿದರೆ ಇನ್ನೂ ಕೆಲವು ಕಿಲೋ. ಹೆಚ್ಚೇನಲ್ಲ. ಆದರೆ ಉಕ್ಕಿನ ಶೆಡ್‌ಗಳನ್ನು ಎಷ್ಟೋ ಸಲ ಬೇಕಾದಷ್ಟೇ ಬಲಕ್ಕೆ ಕಟ್ಟಿರುತ್ತಾರೆ; ಮಿಗಿಲು ಬಲ ಇದೆಯೆಂದು ಊಹಿಸಿ ಹೊರಡುವುದು ಸರಿಯಲ್ಲ.

ಬೆಳಕಿಗಾಗಿ ನಡುನಡುವೆ ಹಾಕಿರುವ ಪ್ಲಾಸ್ಟಿಕ್ ಶೀಟುಗಳ ಬಗ್ಗೆ ನಾನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಬಿಸಿಲಿಗೆ ಅವು ಗಡುಸಾಗಿ ಬಿರುಕು ಬಿಟ್ಟಿರುತ್ತವೆ. ಮೇಲೆ ಧೂಳು ಕೂತು, ತಗಡು ಯಾವುದು ಶೀಟು ಯಾವುದು ಎಂದು ತಿಳಿಯದಂತಾಗಿರುತ್ತದೆ. ಅದರ ಮೇಲೆ ಕಾಲಿಟ್ಟವನು ನೇರವಾಗಿ ನೆಲಕ್ಕೆ ಬೀಳುತ್ತಾನೆ. ಈ ರೀತಿ ಜೀವ ಹೋದವರಿದ್ದಾರೆ. ಮೊದಲ ದಿನವೇ ಅವನ್ನೆಲ್ಲ ಗುರುತು ಮಾಡಿ ಬೇಲಿ ಕಟ್ಟಬೇಕು. ಅನಂತರ ಅಲ್ಲಿ ಗಟ್ಟಿ ತಗಡು ಕೂರಿಸಬೇಕು, ಇಲ್ಲವೇ ಕಟ್ಟೆ ಎಬ್ಬಿಸಿ ಹೊಸ ಬೆಳಕಿಂಡಿ ಮಾಡಬೇಕು. ಹಾಗೇ ಬಿಟ್ಟು ಮೇಲೆ ಹಲಗೆ ಹಾಸಿ ಮುಚ್ಚಿದರೆ, ಕಣ್ಣಿಗೆ ಕಾಣುತ್ತಿದ್ದ ಅಪಾಯವನ್ನು ಕಾಣದಂತೆ ಮಾಡಿದ ಹಾಗಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ. ತಗಡಿನ ಎರಡು ಉಬ್ಬುಗಳ ನಡುವಿನ ತಗ್ಗಿಗೆ ಸರಿಹೊಂದುವಂತೆ ಕತ್ತರಿಸಿದ ಥರ್ಮೋಕೋಲ್ ಪಟ್ಟಿಗಳನ್ನು ಮೊದಲು ಕೂರಿಸುತ್ತಾರೆ. ತಗ್ಗು ಟೊಳ್ಳಾಗಿ ಉಳಿದರೆ ಅದರ ಮೇಲಿನ ಹಲಗೆ ಕಾಲಿನ ಭಾರಕ್ಕೆ ಮುರಿಯುತ್ತದೆ, ಮೆಂಬ್ರೇನ್ ಜಗ್ಗುತ್ತದೆ. ತಗ್ಗು ತುಂಬಿ ಸಮವಾದ ಮೇಲೆ ಶಾಖನಿರೋಧಕ ಹಲಗೆಗಳನ್ನು ಹಾಸಬೇಕು. ಎರಡು ಪದರ ಹಾಸುವುದಾದರೆ ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬಾರದಂತೆ ನೋಡಿಕೊಳ್ಳಬೇಕು. ಮಳೆಯ ಆ ಗದ್ದಲವನ್ನು ತಗ್ಗಿಸುವುದೂ ಬಹುಮಟ್ಟಿಗೆ ಈ ಹಲಗೆಗಳೇ.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಕ್ರೂ ಎಲ್ಲಿ ಕಚ್ಚುತ್ತದೆ ಎಂಬುದು. ಚಾವಣಿಯ ತಗಡು ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಅಷ್ಟು ತೆಳುವಿಗೆ ಕಚ್ಚಿದ ಸ್ಕ್ರೂ ಬಿರುಗಾಳಿಯ ಎಳೆತಕ್ಕೆ ನಿಲ್ಲುವುದಿಲ್ಲ. ಅದು ಹಲಗೆ, ತಗಡು ಎರಡನ್ನೂ ದಾಟಿ ಪರ್ಲಿನ್‌ಗೇ ಇಳಿಯಬೇಕು. ಹಲಗೆ ಹಾಸಿದ ಮೇಲೆ ಪರ್ಲಿನ್ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಹಳೆಯ ಸ್ಕ್ರೂಗಳ ಸಾಲು ಕಾಣುತ್ತಿರುವಾಗಲೇ ಎರಡೂ ಅಂಚಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಆಮೇಲೆ ಬಣ್ಣದ ದಾರ ಎಳೆದು ಮಿಡಿದರೆ ಗೆರೆ ಸಿಗುತ್ತದೆ. ಕೈ ಪಳಗಿದವನಿಗೆ ಡ್ರಿಲ್‌ನಲ್ಲೇ ಗೊತ್ತಾಗುತ್ತದೆ: ಪರ್ಲಿನ್ ಸಿಕ್ಕಾಗ ಯಂತ್ರ ಒಂದು ಕ್ಷಣ ಗುದ್ದಾಡಿ, ಬಿಗಿದು ನಿಲ್ಲುತ್ತದೆ. ತಪ್ಪಿದಾಗ ಸ್ಕ್ರೂ ಸಲೀಸಾಗಿ ಒಳಹೋಗಿ ಸುಮ್ಮನೆ ತಿರುಗುತ್ತಿರುತ್ತದೆ. ಕೆಳಗಿನಿಂದ ನೋಡಿದರೆ ಪರ್ಲಿನ್ ಪಕ್ಕದಲ್ಲಿ ಸ್ಕ್ರೂ ಮೊನೆ ಇಣುಕುತ್ತಿರುತ್ತದೆ. ಅಂಚುಗಳಲ್ಲಿ, ಅದರಲ್ಲೂ ಮೂಲೆಗಳಲ್ಲಿ ಗಾಳಿಯ ಎಳೆತ ಬಹಳ ಹೆಚ್ಚು. ಅಲ್ಲಿ ಸ್ಕ್ರೂಗಳು ಒತ್ತೊತ್ತಾಗಿ ಬೇಕು. ಕೆಲಸ ಶುರು ಮಾಡುವ ಮುನ್ನವೇ ಕೆಲವು ಸ್ಕ್ರೂ ಹಾಕಿ, ಎಷ್ಟು ಎಳೆದರೆ ಕಿತ್ತು ಬರುತ್ತದೆ ಎಂದು ಅಳೆದು ನೋಡಬೇಕು.

ಮೆಂಬ್ರೇನ್‌ನಲ್ಲಿ ಮೂರು ಬಗೆ ಹೆಚ್ಚು ಬಳಕೆಯಲ್ಲಿವೆ. ಕಪ್ಪು ರಬ್ಬರಿನಂಥ ಇಪಿಡಿಎಂ 1960ರ ದಶಕದಿಂದ ಚಾವಣಿಗೆ ಬರುತ್ತಿದೆ. ಅದರ ಜೋಡುಗಳನ್ನು ಟೇಪಿನಿಂದ ಅಂಟಿಸುತ್ತಾರೆ. ಟಿಪಿಒ ಮತ್ತು ಪಿವಿಸಿ ಎಂಬ ಪ್ಲಾಸ್ಟಿಕ್ ಹಾಳೆಗಳು ಸಾಮಾನ್ಯವಾಗಿ ಬಿಳಿ, ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ. ಜೋಡುಗಳನ್ನು ಬಿಸಿಗಾಳಿಯಿಂದ ಬೆಸೆಯುತ್ತಾರೆ. ಅಡುಗೆಮನೆಯ ಹೊಗೆ, ಎಣ್ಣೆ ಜಿಡ್ಡು ಬೀಳುವ ಚಾವಣಿಗೆ ಇಪಿಡಿಎಂ ಬೇಡ, ಪಿವಿಸಿ ಒಳ್ಳೆಯದು. ಆದರೆ ಪಿವಿಸಿ ನೇರವಾಗಿ ಥರ್ಮೋಕೋಲಿಗೆ ತಾಗಬಾರದು, ನಡುವೆ ಬೇರೆ ಪದರ ಇರಲೇಬೇಕು. ಇಲ್ಲದಿದ್ದರೆ ಪಿವಿಸಿಯನ್ನು ಮೃದುವಾಗಿಡುವ ಅಂಶ ಥರ್ಮೋಕೋಲಿಗೆ ಸೇರಿ ಹಾಳೆ ಪೆಡಸಾಗುತ್ತದೆ.

ಬೆಸುಗೆಯ ಯಂತ್ರವನ್ನು ನಿನ್ನೆಯ ಅಂದಾಜಿಗೆ ಇಟ್ಟು ಓಡಿಸುವುದು ತಪ್ಪು. ದಿನವೂ ಬೆಳಗ್ಗೆ ಎರಡು ತುಂಡು ಬೆಸೆದು, ತಣಿಸಿ, ಕಿತ್ತು ನೋಡಬೇಕು. ಜೋಡು ಬಿಚ್ಚಿಕೊಂಡರೆ ಬೆಸುಗೆ ಕೂತಿಲ್ಲ. ಜೋಡು ಉಳಿದು ಹಾಳೆಯೇ ಹರಿದು ಒಳಗಿನ ನೂಲಿನ ಬಲೆ ಕಂಡರೆ ಸರಿ. ಸಂಜೆ ಕೆಲಸ ಬಿಡುವ ಮುನ್ನ ಪ್ರತಿ ಜೋಡಿನ ಉದ್ದಕ್ಕೂ ಮೊಂಡು ಮೊನೆಯ ಕಡ್ಡಿ ಎಳೆದು ಸಂದು ಇದೆಯೇ ಎಂದು ನೋಡಬೇಕು. ಅಂದು ಮುಗಿದ ಭಾಗದ ಅಂಚನ್ನು ನೀರು ನುಗ್ಗದಂತೆ ಮುಚ್ಚದೆ ಇಳಿಯಬಾರದು. ರಾತ್ರಿ ಮಳೆ ಬಂದರೆ ಹೊಸ ಹಲಗೆಗಳೇ ನೀರು ಕುಡಿಯುತ್ತವೆ. ಚಾವಣಿಯ ಮಟ್ಟ ಏರಿರುವುದರಿಂದ ಗಟರಿನ ಅಂಚು, ಕೊಳವೆಗಳ ಸುತ್ತಲಿನ ಕಟ್ಟೆಗಳನ್ನೂ ಅದಕ್ಕೆ ತಕ್ಕಂತೆ ಎತ್ತರಿಸಬೇಕು.

ಕೆಲಸವೆಲ್ಲ ಮುಗಿದ ಮೇಲಿನ ಮೊದಲ ಮಳೆಗೆ ಒಂದೆರಡು ಹನಿ ಬಿದ್ದರೆ ಗಾಬರಿಯಾಗಬೇಡಿ. ತಗಡಿನ ಅಡಿಯ ಹಳೆಯ ಗಾಜುನಾರಿನ ಹಾಸಿನಲ್ಲಿ ನಿಂತ ನೀರು ಕೆಲವು ದಿನ ಜಿನುಗುವುದುಂಟು. ಬಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪಕ್ಕದಲ್ಲೇ ದಿನಾಂಕ ಬರೆದಿಡಿ. ದಿನ ಕಳೆದಂತೆ ಕಡಿಮೆಯಾದರೆ ಅದು ಹಳೆಯ ನೀರು. ಮಳೆ ಬಂದಾಗಲೆಲ್ಲ ಅದೇ ಗುರುತಿನ ಮೇಲೆ ಬಿದ್ದರೆ ಕೆಲಸ ಮಾಡಿದವರನ್ನು ಕರೆಸಿ, ಆ ಜಾಗದ ನೇರಕ್ಕಲ್ಲ, ಇಳಿಜಾರಿನ ಮೇಲ್ಭಾಗದಿಂದ ಹುಡುಕಲು ಹೇಳಿ.

ನಮಸ್ಕಾರ.